ಹಾರುವವರಿಗೂ ಬೇಕು ಒಂದು ಹೊಲ

ಚನ್ನರಾಯಪಟ್ಟಣದ ಆಚೆ, ರಾಗಿ ಕೊಯ್ದು ಮುಗಿದ ಹೊಲವೊಂದರ ಬದುವಿನ ಮೇಲೆ ನಿಂತಿದ್ದೆ. ಚಳಿಗಾಲದ ಬೆಳಗು, ಕೂಳೆಯ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಎಡಕ್ಕೆ ದ್ರಾಕ್ಷಿ ಚಪ್ಪರ, ಕಲ್ಲುಕಂಬದಿಂದ ಕಲ್ಲುಕಂಬಕ್ಕೆ ಬಿಗಿದ ತಂತಿಗಳು. ಬಲಕ್ಕೆ ಸೊಂಟದೆತ್ತರ ಬೆಳೆದ ಹಿಪ್ಪುನೇರಳೆ. ಅದರಾಚೆ ನೀಲಗಿರಿ ತೋಪು. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಎದ್ದ ದೊಡ್ಡ ವಿಮಾನವೊಂದು ಗುಡುಗುತ್ತಾ ಮೇಲೇರಿತು. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ತಲೆ ಎತ್ತಿ ನೋಡಲಿಲ್ಲ. 2008ರ ಮೇ ತಿಂಗಳಲ್ಲಿ ನಿಲ್ದಾಣ ಶುರುವಾದಾಗಿನಿಂದ ಈ ಸೀಮೆಯವರಿಗೆ ಅದು ಕೋಳಿ ಕೂಗಿದಷ್ಟೇ ಸಹಜವಾದ ಸದ್ದು.

ನಾನು ಹೊಲದ ಉದ್ದವನ್ನು ಹೆಜ್ಜೆ ಹಾಕಿ ಅಳೆದೆ. ಇನ್ನೂರೈವತ್ತು ಹೆಜ್ಜೆ. ಎರಡು ಸೀಟಿನ ಮೈಕ್ರೋಲೈಟ್ ವಿಮಾನವೊಂದು ಗಾಳಿಗೆ ಎದುರಾಗಿ ಬಂದರೆ ಇಲ್ಲಿ ಇಳಿದೀತು. ಪಕ್ಕದ ದ್ರಾಕ್ಷಿ ಚಪ್ಪರದ ಮೇಲೆ ಬಿದ್ದರೆ ಉಳಿಯುವುದು ಕಷ್ಟ. ಹೀಗೆ ನೆಲವನ್ನು ನೋಡುವ ಅಭ್ಯಾಸ ನನಗೆ ಅಂಟಿದ್ದು ಜಕ್ಕೂರಿನಲ್ಲಿ, ಸಣ್ಣ ವಿಮಾನದಲ್ಲಿ ಕೂತ ಒಂದು ಬೆಳಗ್ಗೆ.

ಈ ಚನ್ನರಾಯಪಟ್ಟಣ ಹಾಸನ ಜಿಲ್ಲೆಯದಲ್ಲ. ಇದು ಬೆಂಗಳೂರು ಗ್ರಾಮಾಂತರ ಜಿಲ್ಲೆ ದೇವನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ವಿಮಾನಗಳ ಹೆಸರಿನಲ್ಲಿ ತನ್ನ ನೆಲವನ್ನೇ ಕಳೆದುಕೊಳ್ಳಬೇಕಾಗಿದ್ದ, ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿ ಅದನ್ನು ಉಳಿಸಿಕೊಂಡ ಊರು. ಹಾರಾಟದ ಕಥೆಯನ್ನು ಇಲ್ಲಿ ನಿಂತು ಹೇಳಲು ಕಾರಣವಿದೆ.

ಜಕ್ಕೂರಿನ ಒಂದು ಬೆಳಗ್ಗೆ

ಬಳ್ಳಾರಿ ರಸ್ತೆಯ ಪಕ್ಕದ ಜಕ್ಕೂರು ವಿಮಾನ ಮೈದಾನಕ್ಕೆ ಸೂರ್ಯ ಮೂಡುವ ಹೊತ್ತಿಗೆ ಹೋಗಿದ್ದೆ. ಸಣ್ಣ ವಿಮಾನಕ್ಕೆ ಬೆಳಗಿನ ಹೊತ್ತೇ ಒಳ್ಳೆಯದು. ಬಿಸಿಲೇರಿದಂತೆ ನೆಲ ಕಾದು ಗಾಳಿ ಬುಗ್ಗೆಬುಗ್ಗೆಯಾಗಿ ಏಳುತ್ತದೆ, ಹಗುರ ವಿಮಾನವನ್ನು ಎತ್ತಿ ಕುಕ್ಕುತ್ತದೆ. ಮುಂಜಾನೆಯ ಗಾಳಿ ಕೆರೆಯ ನೀರಿನ ಹಾಗೆ ನಿಶ್ಚಲ.

ನನ್ನನ್ನು ಕರೆದೊಯ್ಯಬೇಕಿದ್ದ ಪೈಲಟ್ ವಿಮಾನದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಹಾಗೆ. ಅಲ್ಯೂಮಿನಿಯಂ ಕೊಳವೆಗಳಿಗೆ ಬಿಗಿದ ಬಟ್ಟೆಯ ರೆಕ್ಕೆಯನ್ನು ಬೆರಳಿಂದ ತಟ್ಟಿ ಬಿಗಿ ನೋಡಿದರು. ಒಂದೊಂದು ಬೋಲ್ಟ್, ಅದಕ್ಕೆ ತೂರಿಸಿದ ಒಂದೊಂದು ಪಿನ್ ಮುಟ್ಟಿದರು. ಪ್ರೊಪೆಲ್ಲರ್ ಅಂಚಿನ ಮೇಲೆ ಅಂಗೈ ಆಡಿಸಿದರು, ಸಣ್ಣ ಕಲ್ಲು ತಗುಲಿ ಚಕ್ಕೆ ಎದ್ದಿದ್ದರೂ ಕೈಗೆ ಗೊತ್ತಾಗುತ್ತದೆ. ಕೊನೆಗೆ ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಲೋಟಕ್ಕೆ ಬಸಿದು ಬೆಳಕಿಗೆ ಹಿಡಿದರು. ರಾತ್ರಿಯ ತಂಪಿಗೆ ಟ್ಯಾಂಕಿನ ಒಳಗೆ ತೇವ ಕಟ್ಟಿದ್ದರೆ ನೀರು ಪೆಟ್ರೋಲಿನ ಕೆಳಗೆ ಗುಂಡಗೆ ನಿಂತಿರುತ್ತದೆ. ಆ ಹನಿ ನೀರು ಇನ್ನೂರು ಅಡಿ ಎತ್ತರದಲ್ಲಿ ಎಂಜಿನ್ ತಲುಪಿದರೆ ಏನಾಗುತ್ತದೆ ಎಂದು ಅವರು ವಿವರಿಸಲಿಲ್ಲ. ಲೋಟವನ್ನು ನನ್ನ ಕೈಗೆ ಕೊಟ್ಟು ನೋಡಲು ಹೇಳಿದರು, ಅಷ್ಟೇ.

ಓಟ ಶುರುವಾಗಿ ಕೆಲವೇ ಕ್ಷಣಕ್ಕೆ ನೆಲದ ಕುಲುಕಾಟ ನಿಂತುಹೋಯಿತು. ವಿಮಾನ ನಿಲ್ದಾಣದ ದೊಡ್ಡ ವಿಮಾನದಲ್ಲಿ ಎಷ್ಟೋ ಸಲ ಹೋಗಿದ್ದೇನೆ, ಆದರೆ ಹಾರಿದ್ದು ಅದೇ ಮೊದಲು. ದೊಡ್ಡ ವಿಮಾನದಲ್ಲಿ ನಾವು ಒಂದು ಕೋಣೆಯಲ್ಲಿ ಕೂತಿರುತ್ತೇವೆ, ಕೋಣೆ ಪ್ರಯಾಣ ಮಾಡುತ್ತದೆ. ಇಲ್ಲಿ ಗಾಳಿ ಮುಖಕ್ಕೆ ಬಡಿಯುತ್ತದೆ, ಕಾಲಿನ ಪಕ್ಕದಲ್ಲೇ ಸಾವಿರ ಅಡಿ ಆಳ. ವೇಗ ಗಂಟೆಗೆ ಎಂಬತ್ತು ತೊಂಬತ್ತು ಕಿಲೋಮೀಟರ್, ಹೆದ್ದಾರಿಯಲ್ಲಿ ಓಡುವ ಕಾರಿನಷ್ಟೇ. ಹಾಗಾಗಿ ನೆಲ ಜಾರಿ ಹೋಗುವುದಿಲ್ಲ, ಓದಲು ಸಿಗುತ್ತದೆ. ಜಕ್ಕೂರು ಕೆರೆಯ ಮೇಲೆ ಬೆಳ್ಳಕ್ಕಿಗಳ ಸಾಲು ನಮಗಿಂತ ಕೆಳಗೆ ಹಾರುತ್ತಿತ್ತು. ಹಕ್ಕಿಯ ಬೆನ್ನನ್ನು ಹಾಗೆ ಮೇಲಿನಿಂದ ನೋಡಿದ ಮೇಲೆ, ಈ ಹುಚ್ಚು ಹಿಡಿದವರು ಅದನ್ನು ಯಾಕೆ ಬಿಡುವುದಿಲ್ಲ ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಗ ಹೆಡ್‌ಫೋನಿನಲ್ಲಿ ಪ್ರಶ್ನೆ ಬಂತು: "ಸರ್, ಈಗ ಎಂಜಿನ್ ನಿಂತರೆ ಎಲ್ಲಿ ಇಳಿಯೋಣ?"

ಕೆಳಗೆ ನೋಡಿದೆ. ಅಪಾರ್ಟ್‌ಮೆಂಟ್‌ಗಳು, ಮನೆಗಳ ತಾರಸಿ, ನೀರಿನ ಟ್ಯಾಂಕುಗಳು, ಮೇಲ್ಸೇತುವೆ, ವಾಹನಗಳು. ಹುಡುಕಿ ಹುಡುಕಿ ಕಣ್ಣಿಗೆ ಸಿಕ್ಕಿದ್ದು ಹೆದ್ದಾರಿಯ ಆಚೆಗಿನ ದೊಡ್ಡ ಹಸಿರು ತುಂಡು, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. ಅದನ್ನೇ ತೋರಿಸಿದೆ. ಅವರು ತಲೆಯಾಡಿಸಿದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. 2004ರಲ್ಲಿ ಆ ಆವರಣದಲ್ಲಿ ಏನಾಗಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಹಾರಾಜರ ಹಾರಾಟ ಶಾಲೆ

ಜಕ್ಕೂರಿನಲ್ಲಿ ವಿಮಾನ ಹಾರಿಸಲು ಶುರು ಮಾಡಿದಾಗ ಸುತ್ತಲೂ ಇದ್ದದ್ದು ಹೊಲ, ಕೆರೆ, ಗೋಮಾಳ. ಮೈಸೂರು ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರ ಆಸಕ್ತಿಯಿಂದ 1948ರಲ್ಲಿ ಇಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ ಹುಟ್ಟಿತು. ಮಹಾರಾಜರ ಡಕೋಟಾ ವಿಮಾನ ನಡೆಸುತ್ತಿದ್ದ ಕ್ಯಾಪ್ಟನ್ ವಿ. ಸುಂದರಂ ಅವರ ಪತ್ನಿ ಉಷಾ ಸುಂದರಂ ಈ ಶಾಲೆಯಲ್ಲೇ ಹಾರಾಟ ಕಲಿತವರು. ಸ್ವತಂತ್ರ ಭಾರತದ ಮೊದಲ ಮಹಿಳಾ ಪೈಲಟ್‌ಗಳ ಮಾತು ಬಂದಾಗ ಅವರ ಹೆಸರು ಬರುತ್ತದೆ. ದಂಪತಿ ಸೇರಿ ಲಂಡನ್ನಿನಿಂದ ಮುಂಬೈಗೆ ಡಿ ಹ್ಯಾವಿಲೆಂಡ್ ಡವ್ ಎಂಬ ಪುಟ್ಟ ವಿಮಾನವನ್ನು 27 ಗಂಟೆಗಳಲ್ಲಿ ತಂದದ್ದು ಆ ಕಾಲಕ್ಕೆ ದಾಖಲೆ.

ಸಣ್ಣ ವಿಮಾನ ಕಟ್ಟುವ ಕಸುಬೂ ಬೆಂಗಳೂರಿಗೆ ಹೊಸತಲ್ಲ. 1958ರಲ್ಲಿ ಎಚ್‌ಎಎಲ್ ಕಾರ್ಖಾನೆಯಿಂದ ಪುಷ್ಪಕ್ ಹೊರಬಂತು. ಇಬ್ಬರು ಅಕ್ಕಪಕ್ಕ ಕೂರುವ, ರೆಕ್ಕೆಗೆ ಬಟ್ಟೆ ಹೊದಿಸಿದ, 90 ಅಶ್ವಶಕ್ತಿಯ ಎಂಜಿನ್ನಿನ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆಂದೇ ಅಂಥ ನೂರಕ್ಕೂ ಹೆಚ್ಚು ವಿಮಾನಗಳನ್ನು ಕಟ್ಟಿದರು. ಒಂದು ತಲೆಮಾರಿನ ಪೈಲಟ್‌ಗಳು ಮೊದಲ ಸಲ ಒಬ್ಬರೇ ಹಾರಿದ್ದು ಅದರಲ್ಲಿ. ಆಮೇಲೆ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಎರಡು ಸೀಟಿನ ಹಂಸವನ್ನು ರೂಪಿಸಿತು. ಅದು ಮೊದಲು ಹಾರಿದ್ದು 1993ರ ನವೆಂಬರ್‌ನಲ್ಲಿ, ಅದರ ಹೊಸ ಪೀಳಿಗೆಯ ಹಂಸ-ಎನ್‌ಜಿ ಹಾರಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಇನ್ನೊಂದು ಕಡೆ, ಭಾರತಕ್ಕೆ ಬಂದು ನೆಲೆಸಿದ ಫ್ರೆಂಚ್ ಹಾರಾಟಗಾರ ಜೋಯೆಲ್ ಕೆಕ್ಲಿನ್ ಬೆಂಗಳೂರಿನಲ್ಲಿ ರಾಜ್‌ಹಂಸ ಸಂಸ್ಥೆ ಕಟ್ಟಿದರು. ಅಲ್ಲಿ ತಯಾರಾದ ಎಕ್ಸ್-ಏರ್ ಮೈಕ್ರೋಲೈಟ್‌ಗಳು ಯುರೋಪ್, ಅಮೆರಿಕಗಳ ಹಳ್ಳಿಗಾಡಿನ ಮೈದಾನಗಳಿಂದಲೂ ಮೇಲೆದ್ದಿವೆ. ಹಂಸ, ರಾಜಹಂಸ, ಪುಷ್ಪಕ: ಹೆಸರಿಟ್ಟವರಿಗೆ ಇದು ಬರೀ ಯಂತ್ರ ಎನಿಸಿರಲಿಲ್ಲ.

ಗಾಳಿಯ ಲೆಕ್ಕ

ಸಣ್ಣ ವಿಮಾನದ ಅಪಾಯ ಅರ್ಥವಾಗಬೇಕಾದರೆ ಅದರ ತೂಕದಿಂದ ಶುರು ಮಾಡಬೇಕು. ಮೈಕ್ರೋಲೈಟ್ ಎಂದರೆ ಇಬ್ಬರು ಮನುಷ್ಯರು, ಇಂಧನ ಎಲ್ಲ ಸೇರಿ 450 ಕೆ.ಜಿ. ಆಸುಪಾಸಿನಲ್ಲಿ ಇರಬೇಕಾದ ವಿಮಾನ. ಒಂದು ಒಳ್ಳೆಯ ಸೀಮೆಹಸುವಿನ ತೂಕ ಅಷ್ಟಿರುತ್ತದೆ. ಇಷ್ಟು ಹಗುರವಾದದ್ದು ನಿಧಾನವಾಗಿ ಹಾರಬಲ್ಲದು, ಕಿರಿದಾದ ಜಾಗದಲ್ಲಿ ಇಳಿಯಬಲ್ಲದು, ಅದು ಅದರ ಒಳ್ಳೆಯ ಗುಣ. ಆಷಾಢದ ಗಾಳಿಯಲ್ಲಿ ಅದೇ ಹಗುರತನ ಶತ್ರು.

ರೆಕ್ಕೆಗೆ ವೇಗ ಬೇಕು. ವೇಗ ಒಂದು ಮಿತಿಗಿಂತ ಕೆಳಗಿಳಿದರೆ ರೆಕ್ಕೆ ಎತ್ತುವ ಕೆಲಸ ಬಿಟ್ಟುಬಿಡುತ್ತದೆ. ಪೈಲಟ್‌ಗಳು ಇದನ್ನು ಸ್ಟಾಲ್ ಎನ್ನುತ್ತಾರೆ. ಎಂಜಿನ್ ನಿಂತಿತೆಂದು ಅರ್ಥವಲ್ಲ, ರೆಕ್ಕೆ ಸೋತಿತೆಂದು ಅರ್ಥ. ವಿಮಾನವನ್ನು ಓರೆ ಮಾಡಿ ತಿರುಗಿಸಿದಾಗ ಈ ಮಿತಿಯೇ ಮೇಲಕ್ಕೆ ಏರುತ್ತದೆ. ಎತ್ತರ ಕಾಯ್ದುಕೊಂಡು 45 ಡಿಗ್ರಿ ಓರೆಯಲ್ಲಿ ತಿರುಗಿದರೆ ಸುಮಾರು ಶೇ 20ರಷ್ಟು, 60 ಡಿಗ್ರಿಗೆ ಶೇ 40ರಷ್ಟು ಹೆಚ್ಚು ವೇಗ ಬೇಕು. ಮೇಲೇರುತ್ತಿರುವಾಗ ಎಂಜಿನ್ ನಿಂತರೆ ಎಲ್ಲರ ಮನಸ್ಸೂ ಬೆನ್ನ ಹಿಂದಿನ ರನ್‌ವೇಗೆ ಮರಳಲು ಹಾತೊರೆಯುತ್ತದೆ. ಕಡಿಮೆ ಎತ್ತರದಲ್ಲಿ, ವೇಗ ಬೀಳುತ್ತಿರುವಾಗ ಹಾಗೆ ಗಕ್ಕನೆ ತಿರುಗಿಸಿದ್ದರಿಂದಲೇ ಲೋಕದಲ್ಲಿ ಎಷ್ಟೋ ಜನ ಸತ್ತಿದ್ದಾರೆ. ಅದಕ್ಕೇ ಕಲಿಸುವವರು ಮೊದಲ ದಿನದಿಂದ ಹೇಳುವ ಮಾತು ಒಂದೇ: ಹಿಂದಕ್ಕೆ ತಿರುಗಬೇಡ, ಮೂಗು ತಗ್ಗಿಸು, ಎದುರಿಗೆ ಇರುವ ನೆಲವನ್ನು ಒಪ್ಪಿಕೊ.

ನಮ್ಮ ಪ್ರಸ್ಥಭೂಮಿಗೆ ಇನ್ನೊಂದು ಲೆಕ್ಕವಿದೆ. ಬೆಂಗಳೂರು ಸೀಮೆ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಗೆ ಇನ್ನೂ ತೆಳು. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಬಿಸಿಲಿದ್ದರೆ ವಿಮಾನದ ಪಾಲಿಗೆ ಜಕ್ಕೂರು 5,800 ಅಡಿ ಎತ್ತರದ ಬೆಟ್ಟವಾಗುತ್ತದೆ, ನಂದಿ ಬೆಟ್ಟದ ನೆತ್ತಿಗಿಂತಲೂ ಮೇಲೆ. ಎಂಜಿನ್‌ಗೆ ಉಸಿರು ಸಾಲದು, ಪ್ರೊಪೆಲ್ಲರ್‌ಗೆ ಹಿಡಿತ ಸಾಲದು, ರೆಕ್ಕೆಗೆ ಆಧಾರ ಸಾಲದು. ಡಿಸೆಂಬರ್ ಬೆಳಗಿನಲ್ಲಿ ಸಲೀಸಾಗಿ ಎದ್ದ ಅದೇ ವಿಮಾನ ಅದೇ ತೂಕ ಹೊತ್ತು ಏಪ್ರಿಲ್ ಮಧ್ಯಾಹ್ನ ರನ್‌ವೇ ತುದಿಯವರೆಗೂ ಓಡುತ್ತದೆ. ಕೆಂಪೇಗೌಡ ನಿಲ್ದಾಣದ ದೊಡ್ಡ ರನ್‌ವೇಗಳು ತಲಾ ನಾಲ್ಕು ಕಿಲೋಮೀಟರ್ ಉದ್ದ. ಜಕ್ಕೂರಿನದು ಒಂದು ಕಿಲೋಮೀಟರ್ ಆಸುಪಾಸು.

ಏಪ್ರಿಲ್ 17

2004ರ ಏಪ್ರಿಲ್ 17ರ ಬೆಳಗ್ಗೆ ಜಕ್ಕೂರಿನಿಂದ ಎದ್ದ ಸೆಸ್ನಾ 180 ವಿಮಾನದಲ್ಲಿ ನಟಿ ಸೌಂದರ್ಯ, ಅವರ ಅಣ್ಣ ಅಮರನಾಥ್ ಸೇರಿ ನಾಲ್ವರಿದ್ದರು. ಲೋಕಸಭಾ ಚುನಾವಣೆಯ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದರು. ಮೇಲೇರಿದ ಕೆಲವೇ ಕ್ಷಣಗಳಲ್ಲಿ ವಿಮಾನ ಜಿಕೆವಿಕೆ ಆವರಣದಲ್ಲಿ ಬಿದ್ದು ಹೊತ್ತಿಕೊಂಡಿತು. ಯಾರೂ ಉಳಿಯಲಿಲ್ಲ. 'ದ್ವೀಪ' ಚಿತ್ರವನ್ನು ನಿರ್ಮಿಸಿ ಅದಕ್ಕೆ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿ ತಂದ ಕಲಾವಿದೆ ಅವರು. 'ಆಪ್ತಮಿತ್ರ' ತೆರೆಗೆ ಬಂದಾಗ ಅವರಿರಲಿಲ್ಲ. ಅದು ಮೋಜಿನ ಹಾರಾಟವಾಗಿರಲಿಲ್ಲ, ಪ್ರಯಾಣವಾಗಿತ್ತು. ಆದರೂ ಕರ್ನಾಟಕದಲ್ಲಿ ಸಣ್ಣ ವಿಮಾನ ಎಂದ ಕೂಡಲೇ ಮನೆಯ ಹಿರಿಯರು ಬೇಡ ಎನ್ನುವುದು ಆ ದಿನವನ್ನು ನೆನೆದೇ.

ಆ ಆವರಣದಲ್ಲಿ ಬಯಲಿತ್ತು, ಸಿಗದೇ ಹೋದದ್ದು ಎತ್ತರ. ವಿಮಾನದಲ್ಲಿ ಎತ್ತರ ಎಂದರೆ ಸಮಯ. ಸಾವಿರ ಅಡಿಯಲ್ಲಿ ಎಂಜಿನ್ ನಿಂತರೆ ಸಣ್ಣ ವಿಮಾನ ಸುಮಾರು ಎರಡು ಕಿಲೋಮೀಟರ್ ತೇಲುತ್ತದೆ. ಪೈಲಟ್‌ಗೆ ಒಂದೂವರೆ ನಿಮಿಷ ಸಿಗುತ್ತದೆ, ಒಂದು ಹೊಲ ಆರಿಸಿಕೊಳ್ಳಲು ಅದು ಸಾಕು. ನೂರಿನ್ನೂರು ಅಡಿಯಲ್ಲಿ ಸಿಗುವುದು ಬೆರಳೆಣಿಕೆಯ ಸೆಕೆಂಡುಗಳು.

ಯಂತ್ರ ಕೈಕೊಟ್ಟು ಬಿದ್ದ ವಿಮಾನಗಳಿಗಿಂತ, ಮನುಷ್ಯನ ತಪ್ಪಿನಿಂದ ಬಿದ್ದವು ಹೆಚ್ಚು. 1980ರ ಜೂನ್ 23ರಂದು ದೆಹಲಿಯ ಸಫ್ದರ್‌ಜಂಗ್ ಮೈದಾನದಿಂದ ಪಿಟ್ಸ್ ವಿಮಾನದಲ್ಲಿ ಎದ್ದ ಸಂಜಯ್ ಗಾಂಧಿ ಕೆಳಮಟ್ಟದಲ್ಲಿ ಕಸರತ್ತು ಮಾಡುತ್ತಾ ಬಿದ್ದರು, ಜೊತೆಯಲ್ಲಿದ್ದ ಕ್ಯಾಪ್ಟನ್ ಸುಭಾಷ್ ಸಕ್ಸೇನಾ ಕೂಡ ಹೋದರು. 1997ರಲ್ಲಿ ಅಮೆರಿಕದ ಹಾಡುಗಾರ ಜಾನ್ ಡೆನ್ವರ್ ತಾವು ಹೊಸದಾಗಿ ಕೊಂಡಿದ್ದ ಪುಟ್ಟ ವಿಮಾನದೊಂದಿಗೆ ಸಮುದ್ರಕ್ಕೆ ಬಿದ್ದರು. ಟ್ಯಾಂಕ್ ಬದಲಿಸುವ ಹಿಡಿಕೆ ಅದರಲ್ಲಿ ಪೈಲಟ್‌ನ ಎಡ ಭುಜದ ಹಿಂದಿತ್ತು. ಕೈಗೆ ಸುಲಭವಾಗಿ ಎಟುಕದ ಆ ಹಿಡಿಕೆಗಾಗಿ ತಿರುಗಿದಾಗ ವಿಮಾನ ಹಿಡಿತ ತಪ್ಪಿತೆಂದು ತನಿಖೆ ಹೇಳಿತು. ನಮ್ಮ ಕಾರವಾರದಲ್ಲಿ 2020ರ ಅಕ್ಟೋಬರ್ 2ರಂದು ಟ್ಯಾಗೋರ್ ಕಡಲತೀರದ ಬಳಿ ಪ್ಯಾರಾಮೋಟರ್ (ಮೋಟಾರು ಕಟ್ಟಿದ ಪ್ಯಾರಾಗ್ಲೈಡರ್) ಸಮುದ್ರಕ್ಕೆ ಬಿದ್ದು, ಸವಾರಿಗೆಂದು ಕೂತಿದ್ದ ನೌಕಾಪಡೆಯ ಹಿರಿಯ ಅಧಿಕಾರಿಯೊಬ್ಬರು ತೀರಿಕೊಂಡರು. ಕಡಲು ಬಲ್ಲವರನ್ನೇ ಕಡಲು ತೆಗೆದುಕೊಂಡಿತು.

ಸಣ್ಣ ವಿಮಾನಗಳು ಅತಿ ಹೆಚ್ಚು ಹಾರುವ ಅಮೆರಿಕದ ಲೆಕ್ಕದಲ್ಲಿ, ಒಂದು ಲಕ್ಷ ಗಂಟೆಗಳ ಹಾರಾಟಕ್ಕೆ ಸುಮಾರು ಒಂದು ಜೀವಹಾನಿಯ ಅಪಘಾತ ಆಗುತ್ತದೆ. ವಿಮಾನ ಕಂಪನಿಗಳ ದೊಡ್ಡ ವಿಮಾನಗಳಿಗೆ ಹೋಲಿಸಿದರೆ ಇದು ಎಷ್ಟೋ ಪಟ್ಟು ಹೆಚ್ಚು. ಇಂಧನ ಮುಗಿಯುವ ತನಕ ಹಾರಿದ್ದು, ಮೋಡ ಕವಿಯುತ್ತಿದ್ದರೂ ಹೊರಟದ್ದು, ಕೆಳಗಿರುವ ಗೆಳೆಯರಿಗೆ ಕಾಣಲೆಂದು ತಗ್ಗಿ ಹಾರಿದ್ದು ಇಂಥ ಅಪಘಾತಗಳ ಹಿಂದೆ ಮತ್ತೆ ಮತ್ತೆ ಸಿಗುವ ಕಾರಣಗಳು. ಹೊರಡದೇ ಇರುವ ನಿರ್ಧಾರವನ್ನು ನೆಲದ ಮೇಲಿರುವಾಗ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ನಾನು ಕಂಡ ಒಳ್ಳೆಯ ಪೈಲಟ್‌ಗಳು, ಹಾರದೆ ಮನೆಗೆ ಮರಳಿದ ದಿನಗಳನ್ನು ಹೆಮ್ಮೆಯಿಂದ ನೆನೆಯುವವರು.

ಹೊಲ ಓದುವ ವಿದ್ಯೆ

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಎದ್ದ ಎರಡು ಸೀಟಿನ ತರಬೇತಿ ವಿಮಾನಕ್ಕೆ ದಾರಿಯಲ್ಲಿ ತೊಂದರೆ ಕಾಣಿಸಿತು. ಪೈಲಟ್ ಅದನ್ನು ಹೊನ್ನಿಹಾಳದ ಬಳಿ ಹೊಲಕ್ಕೆ ಇಳಿಸಿದರು. ವಿಮಾನ ಜಖಂಗೊಂಡರೂ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಬದುಕಿದರು. ಮುಂಗಾರಿಗೆ ಮೊದಲಿನ ದಿನಗಳು, ಬಿತ್ತನೆಗೆ ಕಾದಿದ್ದ ಬಯಲು. ಹೊಲ ಅಲ್ಲಿತ್ತು, ಖಾಲಿ ಇತ್ತು. ಎರಡು ಜೀವ ಉಳಿಯಿತು.

ಎಲ್ಲ ಹೊಲವೂ ಒಂದೇ ಅಲ್ಲ. ರಾಗಿ ಕೊಯ್ದ ಹೊಲ ಎಲ್ಲಕ್ಕಿಂತ ಮೇಲು: ಮಟ್ಟ, ಗಟ್ಟಿ, ಕೂಳೆ ಗಿಡ್ಡ. ಆಗಷ್ಟೇ ಉತ್ತ ಹೊಲದಲ್ಲಿ ಚಕ್ರ ಹೂತು ವಿಮಾನ ಮಗುಚಬಹುದು, ಹಾಗಾಗಿ ಸಾಲಿನ ಉದ್ದಕ್ಕೆ ಇಳಿಯಬೇಕು, ಸಾಲಿಗೆ ಅಡ್ಡ ಇಳಿಯಬಾರದು. ಹಿಪ್ಪುನೇರಳೆಯ ಗಿಡ ಬಗ್ಗುತ್ತದೆ, ಪೆಟ್ಟಾದರೂ ಜೀವ ಉಳಿದೀತು. ದ್ರಾಕ್ಷಿ ಚಪ್ಪರ ಮೇಲಿನಿಂದ ಹಸಿರು ಹಾಸಿನಂತೆ ಆಸೆ ಹುಟ್ಟಿಸುತ್ತದೆ, ಅದರೊಳಗೆ ಇರುವುದು ಕಲ್ಲು ಮತ್ತು ತಂತಿ. ಕಂಬ ಕಂಡರೆ ತಂತಿ ಇದೆ ಎಂದೇ ತಿಳಿಯಬೇಕು, ಯಾಕೆಂದರೆ ತಂತಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಗಾಳಿಯ ದಿಕ್ಕು ಹೇಳಲು ಯಂತ್ರ ಬೇಕಿಲ್ಲ. ಒಲೆಯ ಹೊಗೆ, ಗುಡಿಯ ಮೇಲಿನ ಬಾವುಟ, ಒಣಗಲು ಹಾಕಿದ ಸೀರೆ, ಕೆರೆಯ ಅಲೆ ಸಾಕು. ಹಳ್ಳಿಯನ್ನು ಹೀಗೆ ಓದಲು ಬಾರದವನು ನಮ್ಮ ಸೀಮೆಯ ಮೇಲೆ ಹಾರಬಾರದು.

ಈಗ ಚನ್ನರಾಯಪಟ್ಟಣದ ಮೇಲೆ ಮೋಜಿನ ವಿಮಾನಗಳು ಮನಬಂದಂತೆ ಹಾರುವಂತಿಲ್ಲ. ಇದು ದೊಡ್ಡ ನಿಲ್ದಾಣದ ಮಗ್ಗುಲು, ಇಲ್ಲಿನ ಆಕಾಶ ನಿಯಂತ್ರಣ ಗೋಪುರದ ಅಂಕೆಯಲ್ಲಿದೆ. ಜಕ್ಕೂರಿನ ಒಂದು ಬದಿಗೆ ಯಲಹಂಕದ ವಾಯುಪಡೆ ನೆಲೆ, ಮೂರು ಬದಿಗೆ ನಗರ. ಹಾರುವ ಜಾಗ ಮೇಲೆಯೂ ಇಕ್ಕಟ್ಟಾಗಿದೆ, ಇಳಿಯುವ ಜಾಗ ಕೆಳಗೆಯೂ ಇಕ್ಕಟ್ಟಾಗಿದೆ. 1948ರಲ್ಲಿ ಜಕ್ಕೂರಿನಿಂದ ಎದ್ದವರಿಗೆ ಯಾವ ದಿಕ್ಕಿಗೆ ನೋಡಿದರೂ ಬಯಲಿತ್ತು. ವಿಮಾನ ಆಗಿನದಕ್ಕಿಂತ ಈಗ ಉತ್ತಮವಾಗಿದೆ, ಎಂಜಿನ್ ನಂಬಿಕಸ್ತವಾಗಿದೆ, ಕೆಲವು ವಿಮಾನಗಳಿಗೆ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಚೂಟ್ ಬಂದಿದೆ. ಹೊಲ ಮಾತ್ರ ಹೋಗಿದೆ.

1,777 ಎಕರೆ

2022ರ ಏಪ್ರಿಲ್ 4ರಂದು ಚನ್ನರಾಯಪಟ್ಟಣದಲ್ಲಿ ರೈತರು ಧರಣಿ ಕೂತರು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕ್‌ ಮತ್ತಿತರ ಉದ್ಯಮಗಳಿಗೆಂದು ವಶಪಡಿಸಿಕೊಳ್ಳಲು ಹೊರಟಿತ್ತು. ರಾಗಿ, ದ್ರಾಕ್ಷಿ, ರೇಷ್ಮೆ, ಹೂವು, ತರಕಾರಿ ಬೆಳೆಯುವ ನೆಲ. ಹಳ್ಳಿಗಳ ಸಾಲಿನಲ್ಲಿ ನಲ್ಲೂರೂ ಇತ್ತು. ಅಲ್ಲಿನ ಶತಮಾನಗಳ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎನಿಸಿದೆ. ಧರಣಿ ಮೂರು ವರ್ಷ ದಾಟಿತು. 2025ರ ಜೂನ್‌ನಲ್ಲಿ ದೇವನಹಳ್ಳಿ ಚಲೋ ನಡೆದು ಬಂಧನಗಳಾದವು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟಿರುವುದಾಗಿ ಘೋಷಿಸಿದರು. ತಾವಾಗಿ ಕೊಡುವವರಿಂದ ಮಾತ್ರ ಭೂಮಿ ತೆಗೆದುಕೊಳ್ಳುವುದಾಗಿ ಹೇಳಿದರು.

ಇದನ್ನು ವಿಮಾನಕ್ಕೂ ರೈತನಿಗೂ ನಡೆದ ಜಗಳವೆಂದು ಬಗೆದವರಿದ್ದಾರೆ. ಹಾರಾಟವನ್ನು ಪ್ರೀತಿಸುವವನಾಗಿ ನಾನು ಹಾಗೆ ನೋಡಲಾರೆ. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗೆ ಬೇರೆ ಜಾಗ ಸಿಗುತ್ತದೆ. ಮೂರು ತಲೆಮಾರು ಗೊಬ್ಬರ ಹಾಕಿ ಹದ ಮಾಡಿದ ಮಣ್ಣು ಬೇರೆ ಕಡೆ ಸಿಗುವುದಿಲ್ಲ. ರೈತರು ಕೂತದ್ದು ತಮ್ಮ ಅನ್ನಕ್ಕೆ. ಅವರಿಗೆ ಹಾರುವವರ ಚಿಂತೆ ಇರಬೇಕಾಗಿಯೂ ಇರಲಿಲ್ಲ. ಆದರೆ ನಗರ ಇನ್ನಷ್ಟು ಹರಡದಂತೆ, ಬಯಲು ಬಯಲಾಗಿ ಉಳಿಯುವಂತೆ ಮಾಡುವವರು ಅವರೇ. ತಮ್ಮ ತುತ್ತಿಗಾಗಿ ಉಳಿಸಿಕೊಂಡ ಹೊಲ ಇನ್ನಾರದೋ ಜೀವಕ್ಕೂ ಆದೀತು, ಹೊನ್ನಿಹಾಳದ ಹೊಲ ಆದ ಹಾಗೆ.

ಹಾರಬೇಕೆನ್ನುವವರಿಗೆ

ಹಾರುವ ಆಸೆ ಇರುವ ಮಕ್ಕಳನ್ನು ತಡೆಯಬೇಡಿ, ಅವಸರಪಡಲೂ ಬಿಡಬೇಡಿ. ಖಾಸಗಿ ಪೈಲಟ್ ಲೈಸೆನ್ಸ್‌ಗೆ 17 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ವೈದ್ಯಕೀಯ ಪರೀಕ್ಷೆ ಮುಗಿಸಿ ಕನಿಷ್ಠ 40 ಗಂಟೆ ಹಾರಿರಬೇಕು. ಆ ಗಂಟೆಗಳು ಬರೀ ವಿಮಾನ ನಡೆಸುವುದನ್ನು ಕಲಿಸಲು ಅಲ್ಲ, ಬೇಡ ಎನ್ನುವುದನ್ನು ಕಲಿಸಲು. ಹದಿನೈದು ನಿಮಿಷದ ಸವಾರಿಗೆ ಹೋಗುವವರೂ ಕೇಳಬೇಕಾದದ್ದಿದೆ. ವಿಮಾನಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಒಪ್ಪಿಗೆ ಇದೆಯೇ, ಪೈಲಟ್‌ಗೆ ಲೈಸೆನ್ಸ್ ಇದೆಯೇ, ನಿಮ್ಮನ್ನು ತೂಕ ಹಾಕಿದರೇ, ಹೊರಡುವ ಮೊದಲು ವಿಮಾನದ ಸುತ್ತ ಒಂದು ಸುತ್ತು ಬಂದರೇ? ಗಾಳಿ ಎದ್ದಿದೆ, ಇವತ್ತು ಬೇಡ ಎಂದು ದುಡ್ಡು ವಾಪಸು ಕೊಡುವವರು ಸಿಕ್ಕರೆ ಇನ್ನೊಂದು ದಿನ ಅವರ ಬಳಿಗೇ ಹೋಗಿ.

ಅಂದು ಜಕ್ಕೂರಿನಲ್ಲಿ ಇಳಿದ ಮೇಲೆ ಪೈಲಟ್ ಮತ್ತೆ ವಿಮಾನದ ಸುತ್ತ ಒಂದು ಸುತ್ತು ಬಂದಿದ್ದರು. ಹೊರಡುವಾಗ ಮುಟ್ಟಿದ್ದನ್ನೆಲ್ಲ ಇಳಿದ ಮೇಲೂ ಮುಟ್ಟಿದರು. ಆ ಕೈ ನೆನಪಾಗಿದ್ದು ಚನ್ನರಾಯಪಟ್ಟಣದ ಬದುವಿನ ಮೇಲೆ. ಹುಲ್ಲು ಕೊಯ್ದು ಮುಗಿಸಿದ ಆ ತಾಯಿ ಹೊರೆ ಕಟ್ಟಿಟ್ಟು, ಬದುವಿನಿಂದ ಜಾರಿ ಹೊಲಕ್ಕೆ ಉರುಳಿದ್ದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಮತ್ತೆ ಬದುವಿಗೆ ಇಟ್ಟರು. ಮುಂದಿನ ಉಳುಮೆಗೆ ನೇಗಿಲಿಗೆ ತಗುಲಬಾರದೆಂದು ಮಾಡಿದ ಕೆಲಸ. ಇನ್ನೂರೈವತ್ತು ಹೆಜ್ಜೆಯ ಆ ಹೊಲದಲ್ಲಿ ಈಗ ಒಂದು ಕಲ್ಲೂ ಇರಲಿಲ್ಲ.